ಕಾಚಂಪುಳಿಯಿಂದ ಕ್ಯಾಪ್ಸೂಲಿನವರೆಗೆ

ಕೊಡಗಿನ ಯಾವುದೇ ಅಡುಗೆಮನೆಯ ಕಪಾಟು ತೆರೆದು ನೋಡಿ. ಉಪ್ಪು, ಮೆಣಸುಗಳ ನಡುವೆ ಒಂದು ಪುಟ್ಟ ಬಾಟಲಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದರೊಳಗಿನ ದ್ರವ ಕಾಕಂಬಿಯಂತೆ ಕಪ್ಪು ಮತ್ತು ಮಂದ. ನಾಲಿಗೆಗೆ ಒಂದು ಹನಿ ತಾಗಿದರೆ ಸಾಕು, ಹಲ್ಲು ಚುಳ್ಳೆನ್ನುತ್ತದೆ. ಇದೇ ಕಾಚಂಪುಳಿ. ಪಂದಿ ಕರಿಗೆ, ಮೀನು ಸಾರಿಗೆ ಹುಳಿ ಮತ್ತು ಗಾಢ ಬಣ್ಣ ಕೊಡುವ ವಸ್ತು.

ಈಗ ಪಟ್ಟಣದ ಔಷಧಿ ಅಂಗಡಿಗೆ ಬನ್ನಿ. ತೂಕ ಇಳಿಸುವುದಾಗಿ ಹೇಳಿಕೊಳ್ಳುವ ಡಬ್ಬಿಗಳ ಸಾಲಿನಲ್ಲಿ 'ಗಾರ್ಸೀನಿಯಾ ಕಾಂಬೋಜಿಯಾ' ಎಂಬ ಹೆಸರಿನ ಕ್ಯಾಪ್ಸೂಲುಗಳಿರುತ್ತವೆ. ಬಾಟಲಿಯ ಹುಳಿ ಮತ್ತು ಡಬ್ಬಿಯ ಕ್ಯಾಪ್ಸೂಲು, ಎರಡೂ ಒಂದೇ ಹಣ್ಣಿನಿಂದ ಬಂದವು ಎಂದರೆ ನಿಮಗೆ ಅಚ್ಚರಿಯಾಗಬಹುದು. ಒಂದು ಊಟದ ರುಚಿ ಹೆಚ್ಚಿಸುತ್ತದೆ. ಇನ್ನೊಂದು ಊಟದ ಪರಿಣಾಮವನ್ನೇ ಅಳಿಸುವ ಭರವಸೆ ಕೊಡುತ್ತದೆ. ಅಡುಗೆಯ ಹುಳಿ ಮಾತ್ರೆಯಾದದ್ದು ಹೇಗೆ? ಆ ಭರವಸೆ ನಿಜವೆ? ಈ ಪ್ರಶ್ನೆಗಳನ್ನು ನಿಮ್ಮ ವಿದ್ಯಾರ್ಥಿಗಳು ಇಂದಲ್ಲ ನಾಳೆ ಕೇಳಿಯಾರು. ಉತ್ತರಕ್ಕಾಗಿ ಸುಮಾರು ಮೂರೂವರೆ ಶತಮಾನಗಳ ಕಥೆಯನ್ನು ನೋಡಬೇಕಾಗುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಕೊಡಗಿಗೆ ಹತ್ತಿರದ ಮೈಸೂರಿನಲ್ಲಿಯೇ.

ಮರವೂ ಅದರ ತಪ್ಪು ಹೆಸರೂ

ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಮಧ್ಯಮ ಗಾತ್ರದ ಮರ ಇದು. ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯಾ ಗಮ್ಮಿ-ಗಟ್ಟ. ಉತ್ತರ ಕನ್ನಡದಲ್ಲಿ ಇದನ್ನು ಉಪ್ಪಾಗೆ ಎನ್ನುತ್ತಾರೆ, ಕೇರಳದಲ್ಲಿ ಕುಡಂಪುಳಿ. ಪಾನಕಕ್ಕೆ ಬಳಸುವ ಮುರುಗಲು ಅಥವಾ ಪುನರ್ಪುಳಿ ಇದರ ಹತ್ತಿರದ ನೆಂಟ. ಹಣ್ಣಿಗೆ ಕುಂಬಳಕಾಯಿಗಿರುವಂತೆ ಆರೆಂಟು ಉದ್ದ ಗೀರುಗಳಿರುತ್ತವೆ. ಮಳೆಗಾಲದಲ್ಲಿ ಅದು ಮಾಗಿ ಹಳದಿಯಾಗುತ್ತದೆ.

ಈ ಮರವನ್ನು ಯುರೋಪಿನ ವಿದ್ವಾಂಸರಿಗೆ ಪರಿಚಯಿಸಿದ್ದು ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ ಸಸ್ಯಗ್ರಂಥ. 1678ರಲ್ಲಿ ಹೊರಬಂದ ಅದರ ಮೊದಲ ಸಂಪುಟದಲ್ಲಿ 'ಕೊಡ್ಡಂಪುಳ್ಳಿ' ಎಂಬ ಹೆಸರಿನಲ್ಲಿ ಇದರ ಚಿತ್ರವಿದೆ. ಮುಂದೆ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಲ್ಯಾಟಿನ್ ಹೆಸರು ಕೊಡುವಾಗ ಒಂದು ಗೊಂದಲವಾಯಿತು. ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಗಾಂಬೋಜ್ ಎಂಬ ಹಳದಿ ಬಣ್ಣದ ಅಂಟಿನ ಮೂಲ ಈ ಮರವೇ ಎಂದು ಆತ ಭಾವಿಸಿದ. ಆ ಅಂಟು ನಿಜವಾಗಿ ಕಾಂಬೋಡಿಯಾ ಕಡೆಯ ಇನ್ನೊಂದು ಗಾರ್ಸೀನಿಯಾ ಪ್ರಭೇದದ್ದು. ಹಾಗಾಗಿ ಕಾಂಬೋಡಿಯಾದ ಜೊತೆ ಯಾವ ಸಂಬಂಧವೂ ಇಲ್ಲದ ಪಶ್ಚಿಮ ಘಟ್ಟದ ಮರಕ್ಕೆ 'ಕಾಂಬೋಜಿಯಾ' ಎಂಬ ಹೆಸರು ಅಂಟಿಕೊಂಡಿತು. ಸಸ್ಯಶಾಸ್ತ್ರಜ್ಞರು ಆ ಪದವನ್ನು ಕೈಬಿಟ್ಟು ಬಹಳ ಕಾಲವಾಗಿದ್ದರೂ ಮಾತ್ರೆಯ ಡಬ್ಬಿಗಳ ಮೇಲೆ ಅದು ಇಂದಿಗೂ ಉಳಿದಿದೆ.

ಅಡುಗೆಮನೆಯ ರಸಾಯನಶಾಸ್ತ್ರ

ಕಾಚಂಪುಳಿ ತಯಾರಿಸುವ ಕ್ರಮ ಸರಳ, ಆದರೆ ನಿಧಾನ. ಮಳೆಗಾಲದಲ್ಲಿ ಉದುರಿದ ಮಾಗಿದ ಹಣ್ಣುಗಳನ್ನು ಆರಿಸಿ ತಂದು ಬುಟ್ಟಿಯಲ್ಲಿ ಹಾಕಿಡುತ್ತಾರೆ. ಕೆಲವು ದಿನಗಳಲ್ಲಿ ಅವು ಕೊಳೆತು ಮೆತ್ತಗಾಗಿ ರಸ ಬಿಡುತ್ತವೆ. ಕೆಳಗಿಟ್ಟ ಪಾತ್ರೆಯಲ್ಲಿ ಈ ರಸ ಹನಿಹನಿಯಾಗಿ ಸೇರುತ್ತದೆ. ಅದನ್ನು ಒಲೆಯ ಮೇಲಿಟ್ಟು ನೀರಿನ ಅಂಶ ಆವಿಯಾಗಿ ಕಪ್ಪಗೆ ಮಂದವಾಗುವವರೆಗೆ ಕಾಯಿಸುತ್ತಾರೆ. ಹೀಗೆ ಸಿದ್ಧವಾದ ಹುಳಿ ವರ್ಷಗಟ್ಟಲೆ ಕೆಡುವುದಿಲ್ಲ.

ಕೆಡದಿರಲು ಕಾರಣ ನಿಮಗೆ ತಿಳಿದದ್ದೇ. ಆಮ್ಲೀಯತೆ ಹೆಚ್ಚಾಗಿ, ನೀರು ಕಡಿಮೆಯಾದ ಮಾಧ್ಯಮದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಗಳು ಬೆಳೆಯಲಾರವು. ತಿಂಗಳುಗಟ್ಟಲೆ ಮಳೆ ಹಿಡಿಯುವ, ಒಣಗಿಸಲು ಬಿಸಿಲೇ ಸಿಗದ ನಾಡಿನಲ್ಲಿ ಇದು ದೊಡ್ಡ ಅನುಕೂಲ. ಪಶ್ಚಿಮ ಕರಾವಳಿಯಲ್ಲಿಯೂ ಇದೇ ಹಣ್ಣಿನ ಒಣಸಿಪ್ಪೆಯನ್ನು ಉಪ್ಪಿನೊಡನೆ ಬೆರೆಸಿ ಮೀನನ್ನು ಪೀಪಾಯಿಗಳಲ್ಲಿ ತುಂಬಿ ಶ್ರೀಲಂಕಾಗೆ ಕಳುಹಿಸುತ್ತಿದ್ದರು. ಆ ವಿಧಾನಕ್ಕೆ 'ಕೊಲಂಬೊ ಕ್ಯೂರಿಂಗ್' ಎಂದೇ ಹೆಸರು. ಉತ್ತರ ಕನ್ನಡದಲ್ಲಿ ಉಪ್ಪಾಗೆಯ ಬೀಜಗಳಿಂದ ಕೊಬ್ಬು ತೆಗೆದು 'ಉಪ್ಪಾಗೆ ತುಪ್ಪ'ವೆಂದು ಅಡುಗೆಗೆ ಬಳಸುವ ರೂಢಿಯೂ ಇದೆ. ಯಾವ ಹಣ್ಣಿನ ಸಿಪ್ಪೆ ಮುಂದೆ ಕೊಬ್ಬು ಕರಗಿಸುವ ಮದ್ದೆಂದು ಪ್ರಚಾರವಾಯಿತೋ ಅದರ ಬೀಜವನ್ನು ಜನ ಕೊಬ್ಬಿಗಾಗಿಯೇ ಬಳಸುತ್ತಿದ್ದರು!

ಇಲ್ಲೊಂದು ವಿಷಯ ಗಮನಿಸಿ. ರುಚಿಗೆ, ಬಣ್ಣಕ್ಕೆ, ಕೆಡದಂತೆ ಇಡಲು, ಮಾಂಸ ಮೆದುವಾಗಲು, ಹೀಗೆ ಹಲವು ಉದ್ದೇಶಗಳಿಗೆ ಈ ಹುಳಿ ಒದಗುತ್ತಿತ್ತು. ಮೈ ಇಳಿಸುವ ಉದ್ದೇಶ ಈ ಪಟ್ಟಿಗೆ ಸೇರಿದ್ದು ಕಾಡಿನಿಂದಲ್ಲ, ಪ್ರಯೋಗಾಲಯದಿಂದ.

ಮೈಸೂರಿನಲ್ಲಿ ಪತ್ತೆಯಾದ ಆಮ್ಲ

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ದೇಶದ ಆಹಾರ ಪದಾರ್ಥಗಳನ್ನು ರಾಸಾಯನಿಕವಾಗಿ ವಿಶ್ಲೇಷಿಸುವುದು ಅದರ ಕೆಲಸಗಳಲ್ಲೊಂದು. ಅಲ್ಲಿನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಈ ಹಣ್ಣಿನ ಹುಳಿಗೆ ಕಾರಣವೇನೆಂದು ಪರಿಶೀಲಿಸಿದರು. ಅದಕ್ಕೆ ಮುಂಚೆ ಇದರಲ್ಲಿ ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಮತ್ತು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಗಳಿವೆ ಎಂದು ನಂಬಲಾಗಿತ್ತು. ಇವರ ಫಲಿತಾಂಶ ಬೇರೆಯೇ ಆಗಿತ್ತು. ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು 1965ರಲ್ಲಿ 'ಫೈಟೋಕೆಮಿಸ್ಟ್ರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣಸಿಪ್ಪೆಯ ತೂಕದಲ್ಲಿ ಶೇಕಡ 10ರಿಂದ 30ರಷ್ಟು ಇದೇ ಆಮ್ಲವಿರುತ್ತದೆ.

ಸಿಟ್ರಿಕ್ ಆಮ್ಲದ ಅಣುವಿಗೂ ಇದಕ್ಕೂ ಇರುವ ಅಂತರ ಒಂದೇ ಒಂದು ಆಕ್ಸಿಜನ್ ಪರಮಾಣು. ಸಿಟ್ರಿಕ್ ಆಮ್ಲದಲ್ಲಿ 6 ಕಾರ್ಬನ್, 8 ಹೈಡ್ರೊಜನ್, 7 ಆಕ್ಸಿಜನ್ ಇದ್ದರೆ ಇದರಲ್ಲಿ ಆಕ್ಸಿಜನ್ 8. ಈ ಹೆಚ್ಚುವರಿ ಹೈಡ್ರಾಕ್ಸಿಲ್ ಗುಂಪಿನಿಂದಾಗಿ ಅಣುವಿಗೆ ನಾಲ್ಕು ಸಮಾಂಗಿ ರೂಪಗಳು ಸಾಧ್ಯವಾಗುತ್ತವೆ. ಕಾಚಂಪುಳಿಯ ಹಣ್ಣಿನಲ್ಲಿರುವುದು ಅವುಗಳಲ್ಲಿ ಒಂದು. ಮುಂದಿನ ಕಥೆಯೆಲ್ಲ ಈ ಒಂದು ರೂಪದ ಸುತ್ತಲೇ ನಡೆಯುತ್ತದೆ.

ಕಿಣ್ವಕ್ಕೆ ಬಿದ್ದ ಬೀಗ

ಸಿಟ್ರಿಕ್ ಆಮ್ಲವನ್ನು ಹೋಲುವ ಅಣುವೊಂದು ದೇಹದೊಳಗೆ ಹೋದರೆ ಏನಾದೀತು? ಇದನ್ನು ತಿಳಿಯಲು ಸಕ್ಕರೆ ಕೊಬ್ಬಾಗುವ ದಾರಿಯನ್ನು ನೆನಪಿಸಿಕೊಳ್ಳಿ. ಅನ್ನದ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಒಡೆದು ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಅಸಿಟೈಲ್ ಕೊಎಂಜೈಮ್-ಎ ಆಗುತ್ತದೆ. ಶಕ್ತಿ ಸಾಕಷ್ಟಿದ್ದಾಗ ಇದು ಸಿಟ್ರೇಟ್ ರೂಪದಲ್ಲಿ ಮೈಟೊಕಾಂಡ್ರಿಯದಿಂದ ಹೊರಬರುತ್ತದೆ. ಹೊರಗೆ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಮತ್ತೆ ಅಸಿಟೈಲ್ ಕೊಎಂಜೈಮ್-ಎ ಮಾಡುತ್ತದೆ. ಮೇದಾಮ್ಲಗಳನ್ನು ಕಟ್ಟುವ ಇಟ್ಟಿಗೆ ಇದೇ.

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಜಾನ್ ಲೋವೆನ್‌ಸ್ಟೀನ್ ಮತ್ತು ಅವರ ಸಂಗಡಿಗರು ಈ ಕಿಣ್ವಕ್ಕೆ ಹೈಡ್ರಾಕ್ಸಿಸಿಟ್ರೇಟ್ ಪ್ರಬಲ ಪ್ರತಿಬಂಧಕ ಎಂದು ತೋರಿಸಿದರು. ಅಣುವಿನ ಆಕಾರ ಸಿಟ್ರೇಟನ್ನು ಹೋಲುವುದರಿಂದ ಅದು ಕಿಣ್ವದ ಕೆಲಸದ ಜಾಗದಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಬೀಗಕ್ಕೆ ತಪ್ಪು ಕೀಲಿ ತುರುಕಿದಂತೆ, ಸರಿಯಾದ ಕೀಲಿಗೆ ಜಾಗವಿಲ್ಲ. 1971ರಲ್ಲಿ ಲೋವೆನ್‌ಸ್ಟೀನ್ ಜೀವಂತ ಇಲಿಗಳ ಯಕೃತ್ತಿನಲ್ಲಿಯೂ ಮೇದಾಮ್ಲ ಸಂಶ್ಲೇಷಣೆ ಕುಗ್ಗುವುದನ್ನು ವರದಿ ಮಾಡಿದರು. 1974ರಿಂದ ಔಷಧಿ ಕಂಪನಿ ಹಾಫ್‌ಮನ್-ಲಾ ರೋಶ್‌ನ ಆನ್ ಸಲಿವನ್ ಮತ್ತು ಸಂಗಡಿಗರು ಇಲಿಗಳ ಮೇಲೆ ಇನ್ನಷ್ಟು ಪ್ರಯೋಗ ನಡೆಸಿದರು. ಆ ಇಲಿಗಳಲ್ಲಿ ಕೊಬ್ಬಿನ ಸಂಗ್ರಹ ಕಡಿಮೆಯಾಯಿತು. ಅವು ತಿನ್ನುವ ಪ್ರಮಾಣವೂ ತಗ್ಗಿತು.

ಇವೆಲ್ಲ ಒಳ್ಳೆಯ ವಿಜ್ಞಾನವೇ. ಪ್ರಯೋಗಗಳಲ್ಲಿ ದೋಷವಿರಲಿಲ್ಲ. ಆದರೆ ಒಂದು ವಿವರವನ್ನು ನೆನಪಿಡಿ. ಆ ಇಲಿಗಳಿಗೆ ಕೊಟ್ಟ ಆಹಾರದಲ್ಲಿ ಗ್ಲೂಕೋಸ್ ತುಂಬ ಹೆಚ್ಚು, ಕೊಬ್ಬು ಅತ್ಯಲ್ಪ. ಸಕ್ಕರೆಯಿಂದ ಕೊಬ್ಬು ತಯಾರಿಸುವ ದಾರಿ ಪೂರ್ತಿ ತೆರೆದಿರುವಂತೆ ಪ್ರಯೋಗವನ್ನು ರೂಪಿಸಲಾಗಿತ್ತು. ಕಿಣ್ವವನ್ನು ಅಭ್ಯಸಿಸಲು ಅದು ಸರಿಯಾದ ಏರ್ಪಾಡು. ಮನುಷ್ಯರ ಊಟ ಹಾಗಿರುವುದಿಲ್ಲ.

ಇಲಿಯಿಂದ ಅಂಗಡಿಗೆ

1994ರಲ್ಲಿ ಅಮೆರಿಕದಲ್ಲಿ ಆಹಾರ ಪೂರಕಗಳ ಬಗ್ಗೆ ಹೊಸ ಕಾನೂನು ಬಂತು. ಅದರಂತೆ ಪೂರಕವೊಂದನ್ನು ಮಾರುವ ಮೊದಲು ಅದು ಪರಿಣಾಮಕಾರಿ ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕಿಲ್ಲ. ಔಷಧಿಗಳಿಗೆ ಇರುವ ಬಿಗಿ ನಿಯಮ ಪೂರಕಗಳಿಗೆ ಅನ್ವಯಿಸದು. ಗಾರ್ಸೀನಿಯಾ ಕ್ಯಾಪ್ಸೂಲುಗಳ ಮಾರಾಟ ಭರದಿಂದ ಬೆಳೆಯಿತು.

ಅದರ ಬಿಸಿ ನಮ್ಮ ಕಾಡಿಗೂ ತಟ್ಟಿತು. 1990ರ ದಶಕದಲ್ಲಿ ಶಿರಸಿ ಸುತ್ತಮುತ್ತ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿ ಅದನ್ನು ಸಂಗ್ರಹಿಸುವವರ ಸಂಖ್ಯೆ ಹೆಚ್ಚಿತು. ಪೈಪೋಟಿಯಲ್ಲಿ ಮಾಗುವ ಮುನ್ನವೇ ಕಾಯಿ ಕೊಯ್ಯುವುದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಸುವುದು ನಡೆಯಿತು. ಮುಂದೆ ಬೆಲೆ ಕುಸಿದಾಗ ಆದಾಯವೂ ಇಳಿಯಿತು. ಈ ಏರಿಳಿತವನ್ನು ನಿತಿನ್ ರೈ ಮತ್ತು ಕ್ರಿಸ್ಟೊಫರ್ ಉಹ್ಲ್ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ್ದಾರೆ. ದೂರದ ಊರಿನ ತೂಕದ ಚಿಂತೆ ಇಲ್ಲಿನ ಮರದ ಕೊಂಬೆಯನ್ನು ಅಲುಗಿಸಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಮನುಷ್ಯರ ಮೇಲಿನ ಪರೀಕ್ಷೆ

ಕ್ಯಾಪ್ಸೂಲು ನಿಜವಾಗಿ ತೂಕ ಇಳಿಸುತ್ತದೆಯೇ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಬಂದದ್ದು 1998ರಲ್ಲಿ. ನ್ಯೂಯಾರ್ಕಿನಲ್ಲಿ ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಮಂದಿ ಅಧಿಕ ತೂಕದವರನ್ನು ಆರಿಸಿಕೊಂಡರು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಇನ್ನೊಂದು ಗುಂಪಿಗೆ ನೋಡಲು ಅದೇ ರೀತಿ ಇರುವ, ಆದರೆ ಆಮ್ಲವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ತಿಳಿದಿರಲಿಲ್ಲ, ಕೊಡುವವರಿಗೂ ತಿಳಿದಿರಲಿಲ್ಲ. ಎರಡೂ ಗುಂಪಿಗೆ ಒಂದೇ ಪಥ್ಯ: ನಾರು ಹೆಚ್ಚಿರುವ, ದಿನಕ್ಕೆ ಸುಮಾರು 1200 ಕಿಲೊಕ್ಯಾಲೊರಿಯ ಆಹಾರ.

12 ವಾರಗಳ ನಂತರದ ಫಲಿತಾಂಶ ನೋಡಿ. ಆಮ್ಲ ಸೇವಿಸಿದವರು ಸರಾಸರಿ 3.2 ಕಿಲೊಗ್ರಾಂ ಇಳಿದಿದ್ದರು. ಹುಸಿ ಮಾತ್ರೆ ನುಂಗಿದವರು ಸರಾಸರಿ 4.1 ಕಿಲೊಗ್ರಾಂ ಇಳಿದಿದ್ದರು! ಇವೆರಡರ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ. ಎಂದರೆ ಆಮ್ಲದಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ.

ಈ ಅಂಕಿಗಳನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳನ್ನು ಕೇಳಿ: ಹುಸಿ ಮಾತ್ರೆಯ ಗುಂಪು ಇಲ್ಲದೇ ಹೋಗಿದ್ದರೆ ನೀವು ಏನು ತೀರ್ಮಾನಿಸುತ್ತಿದ್ದಿರಿ? '12 ವಾರಗಳಲ್ಲಿ 3.2 ಕಿಲೊಗ್ರಾಂ ಇಳಿಸಿದ ಕ್ಯಾಪ್ಸೂಲು' ಎಂದು ಜಾಹೀರಾತು ಕೊಡಬಹುದಿತ್ತಲ್ಲವೆ? ಅದರಲ್ಲಿ ಸುಳ್ಳು ಅಂಕಿ ಒಂದೂ ಇರುತ್ತಿರಲಿಲ್ಲ. ಹೋಲಿಕೆಯ ಗುಂಪು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಒಂದು ಪರೀಕ್ಷೆಯನ್ನೇ ನಂಬಬೇಕಿಲ್ಲ. 2011ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅಲ್ಲಿಯವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಆಮ್ಲ ಸೇವಿಸಿದವರಿಗೂ ಸೇವಿಸದವರಿಗೂ ಇದ್ದ ಸರಾಸರಿ ಅಂತರ 0.88 ಕಿಲೊಗ್ರಾಂ. ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನಷ್ಟೇ ತೆಗೆದುಕೊಂಡರೆ ಈ ಪುಟ್ಟ ಅಂತರವೂ ಗಣನೀಯವಾಗಿ ಉಳಿಯಲಿಲ್ಲ. ಇಷ್ಟಾದರೂ 2012ರಲ್ಲಿ ಅಮೆರಿಕದ ಜನಪ್ರಿಯ ಟಿ.ವಿ. ಕಾರ್ಯಕ್ರಮವೊಂದು ಈ ಹಣ್ಣನ್ನು ಹೊಗಳಿತು. 2014ರಲ್ಲಿ ಆ ಕಾರ್ಯಕ್ರಮದ ವೈದ್ಯ ಮೆಹ್ಮೆತ್ ಓಜ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಇಂಥ ಹೊಗಳಿಕೆಗಳ ಬಗ್ಗೆ ಉತ್ತರ ಹೇಳಬೇಕಾಯಿತು.

ಏಕೆ ಹೀಗಾಯಿತು?

ಕಿಣ್ವಕ್ಕೆ ಬೀಗ ಬೀಳುವುದು ನಿಜ. ಹಾಗಿದ್ದರೂ ಮನುಷ್ಯರ ತೂಕ ಇಳಿಯಲಿಲ್ಲವೇಕೆ? ಕಾರಣ ನಮ್ಮ ದೇಹ ಕೊಬ್ಬನ್ನು ಸಂಗ್ರಹಿಸುವ ರೀತಿಯಲ್ಲಿದೆ.

ಮಳೆಗಾಲಕ್ಕೆ ಮುಂಚೆ ಮನೆಯ ಹಿಂದೆ ಸೌದೆ ಒಟ್ಟುವುದನ್ನು ನೀವು ನೋಡಿರಬಹುದು. ದಿನವೂ ಯಾರಾದರೂ ಒಂದು ಹೊರೆ ಪುರಲೆ ತಂದು ಹಾಕುತ್ತಿದ್ದರೆ ಒಲೆಗೆ ಮೊದಲು ಹೋಗುವುದು ಆ ಪುರಲೆ. ಒಟ್ಟಿದ ದಿಮ್ಮಿ ಹಾಗೆಯೇ ಉಳಿಯುತ್ತದೆ. ಹೊಸ ದಿಮ್ಮಿ ಬಂದರೆ ರಾಶಿ ಬೆಳೆಯುತ್ತದೆ. ದೇಹದಲ್ಲಿ ಪುರಲೆ ಎಂದರೆ ಶರ್ಕರಪಿಷ್ಟ, ದಿಮ್ಮಿ ಎಂದರೆ ಕೊಬ್ಬು. ಅನ್ನ, ರೊಟ್ಟಿ, ಸಕ್ಕರೆಗಳನ್ನು ಹೆಚ್ಚಾಗಿ ತಿಂದಾಗ ದೇಹ ಮೊದಲು ಅವನ್ನು ಉರಿಸುತ್ತದೆ, ಸ್ವಲ್ಪವನ್ನು ಗ್ಲೈಕೊಜನ್ ಆಗಿ ಕೂಡಿಡುತ್ತದೆ. ಆ ಹೊತ್ತಿನಲ್ಲಿ ಊಟದ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಉರಿಯದೆ ನೇರವಾಗಿ ಸಂಗ್ರಹಕ್ಕೆ ಸೇರುತ್ತವೆ. ಪುರಲೆಯೇ ದಿಮ್ಮಿಯಾಗುವುದು, ಅಂದರೆ ಸಕ್ಕರೆ ಕೊಬ್ಬಾಗಿ ಪರಿವರ್ತನೆಯಾಗುವುದು, ಸಾಮಾನ್ಯ ಮಿಶ್ರಾಹಾರದಲ್ಲಿ ಕಡಿಮೆ. 1988ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನ ವಿಜ್ಞಾನಿಗಳು ಸ್ವಯಂಸೇವಕರಿಗೆ ಹಲವು ದಿನ ವಿಪರೀತ ಶರ್ಕರಪಿಷ್ಟ ತಿನ್ನಿಸಿ ಇದನ್ನು ಅಳೆದರು. ಗ್ಲೈಕೊಜನ್ ಉಗ್ರಾಣಗಳು ತುಂಬಿ ತುಳುಕಿದ ಮೇಲಷ್ಟೇ ಸಕ್ಕರೆ ದೊಡ್ಡ ಪ್ರಮಾಣದಲ್ಲಿ ಕೊಬ್ಬಾಗತೊಡಗಿತು.

ಆಮ್ಲ ಮುಚ್ಚುವುದು ಈ ಕಿರುದಾರಿಯನ್ನು. ಹೆದ್ದಾರಿ ತೆರೆದೇ ಇರುತ್ತದೆ. ಹೀಗಾಗಿ 'ಕಾಚಂಪುಳಿ ಹಾಕಿದ್ದರಿಂದ ಪಂದಿ ಕರಿಯ ಕೊಬ್ಬು ಮೈಗೆ ಹತ್ತದು' ಎಂಬ ಮಾತಿಗೆ ಆಧಾರವಿಲ್ಲ. ಆ ಕಿಣ್ವಕ್ಕೂ ತಿಂದ ಕೊಬ್ಬಿನ ಸಂಗ್ರಹಕ್ಕೂ ಸಂಬಂಧವೇ ಇಲ್ಲ. ಅಲ್ಲದೆ ಅಡುಗೆಯಲ್ಲಿ ಬೀಳುವುದು ಒಂದೆರಡು ಚಮಚ, ಅದೂ ಹಲವರ ಊಟಕ್ಕೆ ಹಂಚಿಹೋಗುತ್ತದೆ. ಬಹಳ ಹೊತ್ತು ಕಾಯಿಸುವಾಗ ಆಮ್ಲದ ಒಂದು ಭಾಗ ಲ್ಯಾಕ್ಟೋನ್ ಎಂಬ ರೂಪಕ್ಕೂ ತಿರುಗಿರುತ್ತದೆ. ಕಿಣ್ವವನ್ನು ತಡೆಯುವ ಶಕ್ತಿ ಆ ರೂಪಕ್ಕೆ ಕಡಿಮೆ.

ಇದೇ ಕಿಣ್ವದ ಬಗ್ಗೆ ಇನ್ನೊಂದು ಸಾಕ್ಷ್ಯ ಇತ್ತೀಚೆಗೆ ದೊರೆತಿದೆ. ಯಕೃತ್ತಿನಲ್ಲಿ ಎಟಿಪಿ ಸಿಟ್ರೇಟ್ ಲಯೇಸನ್ನು ತಡೆಯುವ ಬೆಂಪೆಡೊಯಿಕ್ ಆಮ್ಲ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಪ್ರಕಟವಾದ, 13,970 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಹೃದಯಾಘಾತದಂಥ ಅವಘಡಗಳನ್ನು ಶೇಕಡ 13ರಷ್ಟು ಕಡಿಮೆ ಮಾಡಿತು. ಅದನ್ನು ಕೊಡುವುದು ಕೊಲೆಸ್ಟರಾಲ್ ಇಳಿಸಲು, ತೂಕ ಇಳಿಸಲು ಅಲ್ಲ. ಲೋವೆನ್‌ಸ್ಟೀನ್ ಗುರುತಿಸಿದ ಕಿಣ್ವ ಮುಖ್ಯವಾದದ್ದೇ. ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬಲ್ಲಿ ಮಾರಾಟಗಾರರು ಎಡವಿದರು.

ಯಕೃತ್ತಿನ ಎಚ್ಚರಿಕೆ

'ಪ್ರಯೋಜನವಿಲ್ಲದಿದ್ದರೆ ಇರಲಿ, ಹಣ್ಣಿನದ್ದಲ್ಲವೆ, ತೊಂದರೆಯಂತೂ ಇಲ್ಲ' ಎಂದು ಕೆಲವರು ಹೇಳುತ್ತಾರೆ. ಇದೂ ಸರಿಯಲ್ಲ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತವು ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳನ್ನು ಬಳಸದಂತೆ ಜನರಿಗೆ ಎಚ್ಚರಿಕೆ ನೀಡಿತು. ಕಾಮಾಲೆಯಿಂದ ಹಿಡಿದು ಒಂದು ಸಾವಿನವರೆಗೆ 23 ಗಂಭೀರ ವರದಿಗಳು ಅದಕ್ಕೆ ಬಂದಿದ್ದವು. ಆ ಉತ್ಪನ್ನಗಳಲ್ಲಿ ಹಲವು ಘಟಕಗಳಿದ್ದುದರಿಂದ ಹಾನಿಗೆ ಗಾರ್ಸೀನಿಯಾ ಒಂದೇ ಕಾರಣ ಎನ್ನಲಾಗದು. ಆದರೆ 2022ರಲ್ಲಿ ಅಮೆರಿಕದ ಯಕೃತ್ತು ತಜ್ಞರ ಜಾಲವೊಂದು ಪ್ರಕಟಿಸಿದ ವರದಿ ಇನ್ನಷ್ಟು ಸ್ಪಷ್ಟವಾಗಿದೆ. 2004ರಿಂದ 2018ರವರೆಗೆ ದಾಖಲಾದ ರೋಗಿಗಳಲ್ಲಿ 22 ಮಂದಿಯ ಯಕೃತ್ತಿನ ಹಾನಿಗೆ ಗಾರ್ಸೀನಿಯಾ ಇದ್ದ ಪೂರಕಗಳು ಕಾರಣವಾಗಿದ್ದವು. ಅವರಲ್ಲಿ 5 ಮಂದಿ ಗಾರ್ಸೀನಿಯಾವನ್ನಷ್ಟೇ ಸೇವಿಸಿದ್ದವರು. ಒಂದು ನಿರ್ದಿಷ್ಟ ಆನುವಂಶಿಕ ಗುಣ ಇರುವವರಿಗೆ ಅಪಾಯ ಹೆಚ್ಚು ಎಂಬ ಸೂಚನೆಯೂ ಸಿಕ್ಕಿತು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್, ಇಂಥ ಪೂರಕಗಳನ್ನು ಸೇವಿಸಬೇಡಿ ಎಂದು ಜನರಿಗೆ ಸಲಹೆ ನೀಡಿತು.

ಇಂಥ ಹಾನಿ ಅಪರೂಪ. ಆದರೆ ಲಾಭವೇ ಇಲ್ಲದ ವಸ್ತುವಿಗಾಗಿ ಅಪರೂಪದ ಅಪಾಯವನ್ನಾದರೂ ಏಕೆ ಹೊರಬೇಕು? ಇಲ್ಲಿ ಅಡುಗೆಯ ಕಾಚಂಪುಳಿಯನ್ನು ಸಂಶಯಿಸುವ ಅಗತ್ಯವಿಲ್ಲ. ಅಡುಗೆಯ ಚಮಚಕ್ಕೂ ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ನುಂಗುವ ಸಾರೀಕೃತ ಕ್ಯಾಪ್ಸೂಲಿಗೂ ಅಜಗಜಾಂತರವಿದೆ. ಅಂಥ ಮಾತ್ರೆ ಸೇವಿಸುತ್ತಿರುವವರ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಮಾತ್ರೆಯ ವಿಷಯವನ್ನು ಮುಚ್ಚಿಡದೆ ಹೇಳಬೇಕು.

ಹಾಗಾದರೆ ತೂಕಕ್ಕೆ ಏನು ಮಾಡುವುದು?

ಮೊದಲು ಅಳೆಯಿರಿ. ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ಸಿಗುತ್ತದೆ. 1.60 ಮೀಟರ್ ಎತ್ತರ, 64 ಕಿಲೊಗ್ರಾಂ ತೂಕವಿದ್ದರೆ ಸೂಚ್ಯಂಕ 25. ಭಾರತೀಯ ವಯಸ್ಕರಿಗೆ 2009ರಲ್ಲಿ ತಜ್ಞರು ಒಪ್ಪಿದ ಮಿತಿಯಂತೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. ಬೆಳೆಯುವ ಮಕ್ಕಳಿಗೆ ಈ ಅಂಕಿಗಳು ಅನ್ವಯಿಸವು ಎಂಬುದನ್ನು ಶಿಕ್ಷಕರು ಮರೆಯಬಾರದು. ಮಕ್ಕಳ ತೂಕವನ್ನು ತರಗತಿಯಲ್ಲಿ ಎಲ್ಲರೆದುರು ಹೋಲಿಸುವುದೂ ಸಲ್ಲದು.

ಎರಡನೆಯದಾಗಿ, 1998ರ ಪರೀಕ್ಷೆಯನ್ನು ಮತ್ತೊಮ್ಮೆ ನೋಡಿ. ಅಲ್ಲಿ ಎರಡೂ ಗುಂಪಿನವರು ತೂಕ ಇಳಿಸಿಕೊಂಡರು. ಅವರಿಗೆ ಸಮಾನವಾಗಿದ್ದುದು ಪಥ್ಯ. ಕೆಲಸ ಮಾಡಿದ್ದು ಅದೇ. ದಿನಕ್ಕೆ 1200 ಕಿಲೊಕ್ಯಾಲೊರಿಯಷ್ಟು ಬಿಗಿ ಪಥ್ಯವನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ಆದರೆ ತತ್ವ ಎಲ್ಲರಿಗೂ ಒಂದೇ: ಒಳಬರುವ ಶಕ್ತಿ ಖರ್ಚಾಗುವ ಶಕ್ತಿಗಿಂತ ಸ್ವಲ್ಪ ಕಡಿಮೆ ಇರಬೇಕು, ಮತ್ತು ಅದು ಬಹಳ ಕಾಲ ನಡೆಯಬೇಕು.

ಇದಕ್ಕೆ ಊರಿನ ಊಟ ಬಿಡಬೇಕಾಗಿಲ್ಲ. ಕಡಂಬುಟ್ಟು, ನೂಪುಟ್ಟುಗಳು ಹಬೆಯಲ್ಲಿ ಬೇಯುವ ತಿನಿಸುಗಳು. ಅವಕ್ಕೆ ಕರಿಯುವ ಎಣ್ಣೆ ಬೇಡ. ಆದರೆ ಅವು ಅಕ್ಕಿಯೇ ಎಂಬುದು ನೆನಪಿರಲಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲೊರಿ ಇದೆ. ಮಳೆಯಲ್ಲಿ ನಿಂತು ಇಡೀ ದಿನ ನಾಟಿ ಮಾಡುವವರಿಗೆ ಸಲ್ಲುವಷ್ಟು ಅಕ್ಕಿ ಮೇಜಿನ ಮುಂದೆ ಕೂರುವವರಿಗೆ ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡ 45ಕ್ಕಿಂತ ಹೆಚ್ಚಾಗಬಾರದು. ತಟ್ಟೆಯಲ್ಲಿ ಕಡಂಬುಟ್ಟಿನ ಸಂಖ್ಯೆ ತಗ್ಗಿಸಿ ಆ ಜಾಗಕ್ಕೆ ಕಣಿಲೆ, ಅಣಬೆ, ಕೆಸುವಿನ ಸೊಪ್ಪು, ಬಾಳೆದಿಂಡು, ಹುರುಳಿ ಅಥವಾ ಹೆಸರುಕಾಳು ಬರಲಿ. ಇವು ಹೊಟ್ಟೆ ತುಂಬಿಸುತ್ತವೆ, ನಾರು ಒದಗಿಸುತ್ತವೆ. ಕಾಳುಗಳಿಂದ ಪ್ರೋಟೀನೂ ಸಿಗುತ್ತದೆ.

ಮಾಂಸದಲ್ಲಿ ಯಾವ ಭಾಗ ಎಂಬುದು ಮುಖ್ಯ. ಕೊಬ್ಬು ತೆಗೆದ 100 ಗ್ರಾಂ ಹಂದಿ ಮಾಂಸದಲ್ಲಿ ಸುಮಾರು 145 ಕಿಲೊಕ್ಯಾಲೊರಿ ಇದ್ದರೆ, ಹೊಟ್ಟೆಯ ಪದರಗೊಬ್ಬಿನ ಭಾಗದಲ್ಲಿ ಸುಮಾರು 500 ಇದೆ. ಕಾರಣ ಸುಲಭ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲೊರಿ, ಪ್ರೋಟೀನು ಅಥವಾ ಪಿಷ್ಟದಲ್ಲಿ 4. ಎರಡಕ್ಕೂ ಕಾಚಂಪುಳಿ ಒಂದೇ ರುಚಿ ಕೊಡುತ್ತದೆ!

ಕಾಫಿಯ ನಾಡಿನಲ್ಲಿ ಕಾಫಿಯ ಲೆಕ್ಕವನ್ನೂ ಮಾಡೋಣ. ಲೋಟಕ್ಕೆ 2 ಚಮಚ ಸಕ್ಕರೆ, ದಿನಕ್ಕೆ 3 ಲೋಟ ಎಂದರೆ 6 ಚಮಚ, ಅಂದರೆ ಸುಮಾರು 30 ಗ್ರಾಂ. ಅದರಿಂದ ಬರುವುದು 120 ಕಿಲೊಕ್ಯಾಲೊರಿ, ತಿಂಗಳಿಗೆ 3600. ಒಂದು ಕಿಲೊಗ್ರಾಂ ದೇಹದ ಕೊಬ್ಬಿನಲ್ಲಿರುವ ಶಕ್ತಿ ಸುಮಾರು 7700 ಕಿಲೊಕ್ಯಾಲೊರಿ. ದೇಹ ಹೊಂದಿಕೊಳ್ಳುವುದರಿಂದ ಇಳಿಕೆ ಈ ಲೆಕ್ಕದಷ್ಟು ನೇರವಾಗಿ ಆಗದು. ಆದರೂ ಸಕ್ಕರೆ ಬಿಟ್ಟ ಕಾಫಿ ಮಾಡಬಲ್ಲ ಕೆಲಸವನ್ನು ಕ್ಯಾಪ್ಸೂಲು ಮಾಡಿ ತೋರಿಸಿಲ್ಲ. ಇದರ ಜೊತೆಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಇರಲಿ. ಏರುತಗ್ಗಿನ ಕೊಡಗಿನಲ್ಲಿ ಅದಕ್ಕೆ ವ್ಯಾಯಾಮಶಾಲೆ ಹುಡುಕಬೇಕಿಲ್ಲ.

ಕೊನೆಯದಾಗಿ

ಮುಂದೆ ಯಾವುದಾದರೂ 'ನೈಸರ್ಗಿಕ ಕೊಬ್ಬು ನಿವಾರಕ'ದ ಜಾಹೀರಾತು ಕಂಡಾಗ ನಿಮ್ಮ ವಿದ್ಯಾರ್ಥಿಗಳಿಂದ ನಾಲ್ಕು ಪ್ರಶ್ನೆ ಕೇಳಿಸಿ. ಈ ಫಲಿತಾಂಶ ಕಂಡದ್ದು ಪ್ರನಾಳದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಹೋಲಿಕೆಯ ಗುಂಪು ಇತ್ತೆ? ಜೊತೆಗೆ ಪಥ್ಯವೂ ಇತ್ತೆ? ಹಾನಿಯ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಲೂಯಿಸ್ ಮತ್ತು ನೀಲಕಂಠನ್ ಹೇಳಿದ್ದು ಹಣ್ಣಿನಲ್ಲಿ ಯಾವ ಆಮ್ಲವಿದೆ ಎಂದು. ಲೋವೆನ್‌ಸ್ಟೀನ್ ಹೇಳಿದ್ದು ಅದು ಯಾವ ಕಿಣ್ವವನ್ನು ತಡೆಯುತ್ತದೆ ಎಂದು. ಮನುಷ್ಯರ ತೂಕ ಇಳಿಯುತ್ತದೆ ಎಂದು ಇವರಲ್ಲಿ ಯಾರೂ ಸಾಬೀತು ಮಾಡಿರಲಿಲ್ಲ. ಆ ಮಾತನ್ನು ಸೇರಿಸಿದ್ದು ಡಬ್ಬಿಯ ಮೇಲಿನ ಚೀಟಿ. ಕಾಚಂಪುಳಿಯ ಬಾಟಲಿ ಅಡುಗೆಮನೆಯಲ್ಲಿಯೇ ಇರಲಿ, ಅಲ್ಲಿ ಅದರ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.